ಕೀಲಿ ಹಿಡಿದವನ ಕಳವು ಮತ್ತು ಅಚೌರ್ಯಾಣುವ್ರತ



ಐದು ಅಣುವ್ರತಗಳಲ್ಲಿ ಅಚೌರ್ಯವೇ ಅತ್ಯಂತ ಸುಲಭವಾದುದೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ರಾತ್ರಿಭೋಜನತ್ಯಾಗವೆಂದರೆ ಅಂಗಡಿ ಮುಚ್ಚುವ ವೇಳೆಯನ್ನು ನೆನೆಯುವವರು, ಪರಿಗ್ರಹಪರಿಮಾಣವೆಂದರೆ ಮಾತನ್ನು ಬೇರೆಡೆಗೆ ತಿರುಗಿಸುವವರು, ಕಳವು ಮಾಡುವುದಿಲ್ಲವೆಂಬ ವ್ರತವನ್ನು ಮಾತ್ರ ಕೂಡಲೆ ಕೈಮುಗಿದು ಸ್ವೀಕರಿಸುವರು. ಕನ್ನ ಕೊರೆಯುವವನು, ಬಸ್ಸಿನಲ್ಲಿ ಕಿಸೆ ಕತ್ತರಿಸುವವನು, ಕಣದಲ್ಲಿಯ ಚೀಲ ಹೊತ್ತೊಯ್ಯುವವನು, ಇವರೇ ಕಳ್ಳರು. ನಾವು ಇವರ ಪೈಕಿ ಅಲ್ಲವೆಂಬುದು ಎಲ್ಲರ ಸಮಾಧಾನ. ಪಾಠಶಾಲೆಯಲ್ಲಿ ಮಕ್ಕಳಿಗೆ ಶ್ರಾವಕಾಚಾರವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ ನಾನೂ ಈ ವ್ರತಕ್ಕೆ ಒಂದು ತಾಸಿಗಿಂತ ಹೆಚ್ಚಿನ ಸಮಯ ಕೊಟ್ಟವನಲ್ಲ.

ಆದರೆ ಬೀಗ ಮುರಿಯದೆ ನಡೆಯುವ ಕಳವೊಂದುಂಟು. ಅಲ್ಲಿ ಕೀಲಿಯು ಕಳ್ಳನ ಕೈಯಲ್ಲಿಯೇ ಇರುತ್ತದೆ. ಅವನನ್ನು ನಂಬಿ ಒಡೆಯನೇ ಕೊಟ್ಟಿರುತ್ತಾನೆ. ಕಾವಲಿಗೆ ನಿಂತವನೇ ಒಯ್ಯುವ ಈ ಕಳವನ್ನು ಕುರಿತು ಈ ಸ್ವಾಧ್ಯಾಯ. ಇದಕ್ಕೆ ನಾನು ಆರಿಸಿಕೊಂಡ ದೃಷ್ಟಾಂತವು ಜೂಜಿನ ಸ್ಲಾಟ್ ಯಂತ್ರ. ವ್ರತೋಪವಾಸಗಳ ಪತ್ರಿಕೆಯಲ್ಲಿ ಇಂಥ ಯಂತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ನಿವೇದಿಸುತ್ತೇನೆ.

ಗೊಟಗೋಡಿ, ಶಿಗ್ಗಾಂವಿ, ಬಂಕಾಪುರ ಸುತ್ತಿನ ನಮ್ಮ ಊರುಗಳಿಂದ ಹುಡುಗರು ದುಡಿಮೆಗಾಗಿ ಗೋವೆಗೆ ಹೋಗುವುದು ಹೊಸದಲ್ಲ. ಗೋವೆಯಲ್ಲಿ 1992ರ ಕಾಯಿದೆ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳನ್ನು ಇಡಲು ಅನುಮತಿ ದೊರೆಯಿತು. ಮುಂದೆ ಮಾಂಡೋವಿ ನದಿಯ ಹಡಗುಗಳಲ್ಲಿಯೂ ಜೂಜು ನಡೆಯತೊಡಗಿತು. ಇಂಥದೊಂದು ಕಡೆ ನಮ್ಮ ಸಮಾಜದ ಹುಡುಗನೊಬ್ಬನು ಕೆಲಸಕ್ಕಿದ್ದನು. ಹೋಟೆಲಿನಲ್ಲಿ ಕೆಲಸವೆಂದಷ್ಟೇ ಮನೆಯವರಿಗೆ ಗೊತ್ತಿತ್ತು. ಅವನ ತಾಯಿಯು ಅನಂತವ್ರತವನ್ನು ಹಿಡಿದು ಹದಿಮೂರು ವರ್ಷ ನಡೆಸಿ, ಆ ವರ್ಷದ ಭಾದ್ರಪದ ಶುಕ್ಲ ಚತುರ್ದಶಿಗೆ ಹದಿನಾಲ್ಕನ್ನು ಪೂರೈಸುವವಳಿದ್ದಳು. ಉದ್ಯಾಪನೆಗೆಂದು ಮಗನು 40,000 ರೂಪಾಯಿ ಕಳಿಸಿದ್ದನು. ಹದಿನಾಲ್ಕರ ಲೆಕ್ಕದಲ್ಲಿ ಏನೇನು ಬೇಕೆಂಬ ಪಟ್ಟಿಯನ್ನು ಆಕೆ ನನ್ನಿಂದಲೇ ಬರೆಸಿಕೊಂಡು ಹೋಗಿದ್ದಳು. ಇದು ನಡೆದು ಮೂರು ವರ್ಷಗಳಾದವು.

ದಶಲಕ್ಷಣ ಪರ್ವದ ನಡುವೆ ಹುಡುಗನು ಊರಿಗೆ ಬಂದನು. ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತು, ಬಳಿಕ ಕೇಳಿದನು:

"ಮಾಸ್ತರ್ರೀ, ನಾ ಕಳಿಸಿದ ರೊಕ್ಕ ಉದ್ಯಾಪನಕ್ಕ ನಡಿತೈತೇನ್ರಿ?"

"ಯಾಕ ತಮ್ಮಾ, ನೀ ದುಡದದ್ದಲ್ಲೇನು?"

"ದುಡದದ್ದೂ ಐತ್ರಿ. ದುಡೀಲಾರದ್ದೂ ಐತ್ರಿ."

ಅವನ ಕೆಲಸವು ಯಂತ್ರಗಳೊಳಗಿನ ಹಣದ ಪೆಟ್ಟಿಗೆಯನ್ನು ತೆಗೆಯುವ ತಂಡದಲ್ಲಿ. ಒಬ್ಬನೇ ತೆಗೆಯಕೂಡದು, ಮೂವರು ಕೂಡಿಯೇ ತೆಗೆದು, ಕೂಡಿಯೇ ಎಣಿಸಿ, ಮೂವರೂ ಸಹಿ ಹಾಕಬೇಕು. ಜೊತೆಯವನೊಬ್ಬನು ಎಣಿಕೆಯ ಮುಂಚೆಯೇ ಕೆಲವು ನೋಟುಗಳನ್ನು ಮರೆಮಾಡುವುದನ್ನು ಇವನು ಕಂಡನು. ಕಂಡು ಸುಮ್ಮನಾದನು. ತಿಂಗಳ ಕೊನೆಗೆ ಇವನ ಅಂಗಿಯ ಕಿಸೆಯಲ್ಲಿ ಐನೂರರ ನೋಟೊಂದು ತಾನಾಗಿ ಬಂದು ಕುಳಿತಿತ್ತು. ಯಾರಿಟ್ಟರೆಂದು ಇವನು ಕೇಳಲಿಲ್ಲ. ಮುಂದಿನ ತಿಂಗಳು ಎರಡು ನೋಟು. ಅದರ ಮುಂದೆ ಇವನು ಎಣಿಕೆಯ ಕಾಗದವನ್ನು ನೋಡದೆಯೇ ಸಹಿ ಹಾಕತೊಡಗಿದನು. "ನಾ ಕೈ ಹಚ್ಚಿಲ್ರಿ. ಸಹಿ ಅಷ್ಟ ಮಾಡೀನಿ" ಎಂಬುದು ಅವನ ಮಾತು. 40,000ದಲ್ಲಿ ಸುಮಾರು 16,000 ಹಾಗೆ ಬಂದದ್ದು. ತ್ರಯೋದಶಿ, ಚತುರ್ದಶಿ ಎರಡೂ ದಿನ ನಿರಾಹಾರವಿದ್ದುಬಿಟ್ಟರೆ ದೋಷ ಕಳೆಯುವುದಷ್ಟೆ ಎಂದು ಕೇಳಲು ಬಂದಿದ್ದನು. ಜೊತೆಗೆ ಒಂದು ವಾದವನ್ನೂ ಕಟ್ಟಿಕೊಂಡಿದ್ದನು: "ಅದು ಜೂಜಿನ ರೊಕ್ಕ, ಮೊದಲ ಪಾಪದ್ದು. ಅದರಾಗಿಂದ ತಗೊಂಡ್ರ ಯಾರಿಗೆ ಲುಕ್ಸಾನ್ರಿ?"

ಆ ರಾತ್ರಿ ನಾನು ಉತ್ತರ ಕೊಡಲಿಲ್ಲ. ನಾಳೆ ಬಾ ಎಂದು ಕಳಿಸಿ, ಗ್ರಂಥಗಳನ್ನು ತೆಗೆದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಗಳ ಅಧ್ಯಾಯ. ಪ್ರಮತ್ತಯೋಗದಿಂದ ಅದತ್ತವನ್ನು, ಅಂದರೆ ಕೊಡದುದನ್ನು, ತೆಗೆದುಕೊಳ್ಳುವುದು ಸ್ತೇಯವೆಂದು ಅಲ್ಲಿಯ ಲಕ್ಷಣ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇದನ್ನು ಗೃಹಸ್ಥನ ಮಟ್ಟಕ್ಕೆ ತಂದು ಬಿಡಿಸುವರು: ಇಟ್ಟದ್ದಾಗಲಿ, ಬಿದ್ದದ್ದಾಗಲಿ, ಮರೆತದ್ದಾಗಲಿ, ಪರರ ಸ್ವತ್ತನ್ನು ಶ್ರಾವಕನು ತಾನೂ ಒಯ್ಯನು, ಮತ್ತೊಬ್ಬರಿಗೂ ಕೊಡನು. ಈ ಎರಡನೆಯ ಅರ್ಧವನ್ನು ನಾವು ಪಾಠದಲ್ಲಿ ಓದಿ ಬಾಳಿನಲ್ಲಿ ಬಿಟ್ಟುಬಿಡುತ್ತೇವೆ. ಕೈ ಹಚ್ಚಲಿಲ್ಲವೆಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಇನ್ನು ಈ ವ್ರತದ ಐದು ಅತಿಚಾರಗಳು. ಕಳ್ಳನನ್ನು ಪ್ರೇರಿಸುವುದು, ಇಲ್ಲವೆ ಅವನ ಕೃತ್ಯವನ್ನು ಒಪ್ಪಿಕೊಳ್ಳುವುದು ಸ್ತೇನಪ್ರಯೋಗ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದು ವಿರುದ್ಧರಾಜ್ಯಾತಿಕ್ರಮ. ಕೊಳ್ಳುವ ಅಳತೆ ದೊಡ್ಡದು, ಕೊಡುವ ಅಳತೆ ಚಿಕ್ಕದು ಮಾಡುವುದು ಹೀನಾಧಿಕಮಾನೋನ್ಮಾನ. ಸಾಚಾ ವಸ್ತುವಿನ ರೂಪದಲ್ಲಿ ಖೋಟಾ ವಸ್ತುವನ್ನು ಚಲಾಯಿಸುವುದು ಪ್ರತಿರೂಪಕವ್ಯವಹಾರ. ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಈ ಐದರಲ್ಲಿ ಒಂದರಲ್ಲಿಯೂ ಗೋಡೆ ಒಡೆಯುವ ಮಾತಿಲ್ಲ. ಐದೂ ಅಂಗಡಿಯೊಳಗಿನ, ತಕ್ಕಡಿಯೊಳಗಿನ, ಲೆಕ್ಕದ ಪುಸ್ತಕದೊಳಗಿನ ಕಳವುಗಳು. ನಮ್ಮ ಆಚಾರ್ಯರು ಕಳ್ಳನನ್ನು ಹುಡುಕಿದ್ದು ಬೀದಿಯಲ್ಲಲ್ಲ, ಗಲ್ಲೆಯ ಹಿಂದೆ.

ಈ ಕಣ್ಣಿನಿಂದ ಆ ಯಂತ್ರವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಚಾರ್ಲ್ಸ್ ಫೇ ಎಂಬ ಯಂತ್ರಶಿಲ್ಪಿಯು ಮೂರು ಚಕ್ರಗಳ ಯಂತ್ರವೊಂದನ್ನು ಮಾಡಿದನು. ನಾಣ್ಯ ಹಾಕಿ ಹಿಡಿಕೆಯನ್ನೆಳೆದರೆ ಚಕ್ರಗಳು ತಿರುಗಿ ನಿಲ್ಲುವವು. ಮೂರರಲ್ಲಿಯೂ ಒಂದೇ ಚಿತ್ರ ಬಂದರೆ ಬಹುಮಾನ. ಪ್ರತಿ ಚಕ್ರಕ್ಕೆ ಹತ್ತು ಚಿತ್ರಗಳೆಂದರೆ ಒಟ್ಟು ಸಾವಿರ ಜೋಡಣೆಗಳು. ಲೆಕ್ಕ ಬಲ್ಲವನಿಗೆ ಆ ಯಂತ್ರದ ಲೋಭವೂ ಮೋಸವೂ ಕಣ್ಣೆದುರಿಗೇ ಇದ್ದವು. ಮುಂದೆ ಯಂತ್ರದೊಳಗೆ ಗಣಕದ ಬಿಲ್ಲೆ ಬಂದಿತು. ಗುಂಡಿ ಒತ್ತಿದ ಕ್ಷಣದಲ್ಲಿಯೇ ಫಲವು ಒಳಗೆ ನಿರ್ಣಯವಾಗಿರುತ್ತದೆ. ಹೊರಗೆ ತಿರುಗುವ ಚಕ್ರವು ಬರಿಯ ತೋರಿಕೆ.

ಇಂಗೆ ಟೆಲ್ನೆಸ್ ಎಂಬವರು 1984ರಲ್ಲಿ ಪೇಟೆಂಟ್ ಪಡೆದ ವಿಧಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉದಾಹರಣೆಗೆ, ಕಣ್ಣಿಗೆ ಕಾಣುವ ಚಕ್ರದಲ್ಲಿ 22 ಸ್ಥಾನಗಳಿವೆ ಎನ್ನೋಣ. ಮೇಲಿನ ಬಹುಮಾನದ ಚಿತ್ರವು ಚಕ್ರಕ್ಕೊಂದರಂತಿದ್ದರೆ, ಮೂರು ಚಕ್ರಗಳಲ್ಲಿಯೂ ಅದೇ ಬರುವ ಸಂಭವವು 10,648ಕ್ಕೆ ಒಂದು ಎಂದು ನೋಡುವವನು ಎಣಿಸುತ್ತಾನೆ. ಒಳಗಿನ ಗುಪ್ತಪಟ್ಟಿಯಲ್ಲಿ ಒಂದೊಂದು ಚಕ್ರಕ್ಕೂ 64 ಸ್ಥಾನಗಳನ್ನಿಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಆ ಚಿತ್ರಕ್ಕೆ ಕೊಟ್ಟಿದ್ದರೆ, ನಿಜವಾದ ಸಂಭವವು 2,62,144ಕ್ಕೆ ಒಂದು. ಕಾಣುವ ತಕ್ಕಡಿ ಒಂದು, ತೂಗುವ ತಕ್ಕಡಿ ಮತ್ತೊಂದು. ಜೂಜಿಗೆ ಪರವಾನಗಿ ಕೊಡುವ ಸೀಮೆಗಳ ಕಾನೂನು ಇದನ್ನು ಒಪ್ಪಿಕೊಂಡಿದೆ. ವ್ರತವು ಒಪ್ಪದು; ಇದು ಹೀನಾಧಿಕಮಾನೋನ್ಮಾನವಲ್ಲವೆಂದು ಯಾವ ಶ್ರಾವಕನು ಹೇಳಿಯಾನು?

ಇದು ಒಡೆಯನು ಆಟಗಾರನಿಗೆ ಮಾಡುವ ಮೋಸ. ಅದೇ ಮನೆಯಲ್ಲಿ ಆಳು ಒಡೆಯನಿಗೆ ಮಾಡುವ ಮೋಸವೂ ಬೆಳೆಯುತ್ತದೆ. ಅಮೆರಿಕದ ಲಾಸ್ ವೇಗಾಸ್ ನಗರದ ಸ್ಟಾರ್‌ಡಸ್ಟ್ ಎಂಬ ಜೂಜುಮನೆಯಲ್ಲಿ 1976ರ ಮೇ ತಿಂಗಳಲ್ಲಿ ಬಯಲಾದ ಪ್ರಕರಣವನ್ನು ಓದಿದಾಗ ನನಗೆ ನಮ್ಮ ಸೂತ್ರದ ವ್ಯಾಖ್ಯಾನವನ್ನೇ ಓದಿದಂತಾಯಿತು. ಯಂತ್ರಗಳಿಂದ ಬರುವ ನಾಣ್ಯರಾಶಿಯನ್ನು ಅಲ್ಲಿ ಎಣಿಸುತ್ತಿರಲಿಲ್ಲ. ತೂಗಿ ಮೊತ್ತ ಕಟ್ಟುತ್ತಿದ್ದರು. ಒಳಗಿನವರು ಆ ತಕ್ಕಡಿಯನ್ನೇ ಇರುವುದಕ್ಕಿಂತ ಕಡಿಮೆ ತೋರುವಂತೆ ತಿದ್ದಿದ್ದರು. ಹೆಚ್ಚಿನ ನಾಣ್ಯಗಳು ಲೆಕ್ಕಕ್ಕೆ ಬಾರದೆ ನೋಟುಗಳಾಗಿ ಬದಲಾಗಿ, ಗುಪ್ತವಾಗಿ ಪಾಲುಗೊಂಡ ದುಷ್ಕರ್ಮಿಗಳ ಕೂಟಗಳಿಗೆ ಹೋಗುತ್ತಿದ್ದವು. ಹೀಗೆ ಹೋದದ್ದು ಸುಮಾರು 70 ಲಕ್ಷ ಡಾಲರೆಂದು ವರದಿಯಾಯಿತು. ಯಂತ್ರವಿಭಾಗದ ಮೇಲ್ವಿಚಾರಕನೇ ಆ ವ್ಯವಸ್ಥೆಯ ಕೀಲುಗಂಬವಾಗಿದ್ದನು. ಸಾವಿರಾರು ವರ್ಷಗಳಿಂದ ದಿನಸಿ ಅಂಗಡಿಯ ದೋಷವೆಂದು ನಾವು ಹೇಳುತ್ತ ಬಂದುದು ಅಲ್ಲಿ ವಿದ್ಯುತ್ ತಕ್ಕಡಿಯಲ್ಲಿ ಕುಳಿತಿತ್ತು.

ಖೋಟಾ ನಾಣ್ಯ ಹಾಕಿ ಯಂತ್ರವನ್ನು ವಂಚಿಸಿದವರ ಕಥೆಗಳೂ ಬೇಕಾದಷ್ಟಿವೆ. ಅವರು ಹೊರಗಿನವರಾದ ಕಾರಣ ಅವರನ್ನು ಇಲ್ಲಿ ಬಿಡುತ್ತೇನೆ.

ನನ್ನನ್ನು ಹೆಚ್ಚು ಕಾಲ ತಡೆದು ನಿಲ್ಲಿಸಿದುದು ರೊನಾಲ್ಡ್ ಹ್ಯಾರಿಸ್ ಎಂಬಾತನ ಪ್ರಕರಣ. ಲಾಸ್ ವೇಗಾಸ್ ಇರುವ ನೆವಾಡಾ ರಾಜ್ಯದಲ್ಲಿ ಜೂಜಿನ ಮೇಲೆ ನಿಗಾ ಇಡುವ ಸರ್ಕಾರಿ ಮಂಡಲಿಯಿದೆ. ಹ್ಯಾರಿಸನು ಅಲ್ಲಿಯ ಗಣಕತಜ್ಞ. ಯಂತ್ರಗಳಲ್ಲಿ ಮೋಸವಿದೆಯೇ ಎಂದು ಹುಡುಕುವುದೇ ಅವನ ಉದ್ಯೋಗ. ಯಂತ್ರದೊಳಗಿನ ಬಿಲ್ಲೆಯು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ತನಿಖಾಧಿಕಾರಿಗಳು ಒಂದು ಸಾಧನವನ್ನು ಒಯ್ಯುತ್ತಿದ್ದರು. ಹ್ಯಾರಿಸನು ಆ ಪರೀಕ್ಷಾಸಾಧನದಲ್ಲಿಯೇ ತನ್ನ ಗುಪ್ತಲೇಖವನ್ನು ಅಡಗಿಸಿದನು. ಪರೀಕ್ಷೆ ನಡೆಯುವಾಗಲೇ ಸಾಚಾ ಯಂತ್ರವು ಖೋಟಾ ಆಗುತ್ತಿತ್ತು. ಪರೀಕ್ಷಿಸುವ ಅಧಿಕಾರಿಗೂ ಅದು ತಿಳಿಯದು. ಬಳಿಕ ಇಷ್ಟು ನಾಣ್ಯ, ಮತ್ತೆ ಇಷ್ಟು ನಾಣ್ಯ ಎಂದು ಗೊತ್ತಾದ ಅನುಕ್ರಮದಲ್ಲಿ ಹಾಕಿದವನಿಗೆ ಯಂತ್ರವು ಬಹುಮಾನವನ್ನು ಸುರಿಯುತ್ತಿತ್ತು. ಆ ಅನುಕ್ರಮವನ್ನು ಬಲ್ಲವರು ಅವನೂ ಅವನ ಸಹಚರರೂ ಮಾತ್ರ. ಕೊನೆಗೆ ಇನ್ನೂ ದೊಡ್ಡದಕ್ಕೆ ಕೈಹಾಕಿ, ಸಂಖ್ಯೆ ಊಹಿಸುವ ಕೀನೋ ಎಂಬ ಆಟದ ಗಣಕವು ಮುಂದೆ ಯಾವ ಸಂಖ್ಯೆಗಳನ್ನು ಕೊಡುವುದೆಂಬುದನ್ನು ಲೆಕ್ಕ ಹಾಕಿದನು. 1995ರ ಜನವರಿಯಲ್ಲಿ ಅಟ್ಲಾಂಟಿಕ್ ಸಿಟಿ ನಗರದಲ್ಲಿ ಅವನ ಸಹಚರನು 1,00,000 ಡಾಲರು ಗೆದ್ದನು. ಗೆದ್ದವನ ಮುಖದಲ್ಲಿ ಹರ್ಷವೇ ಇಲ್ಲದ್ದನ್ನು ಕಂಡು ಅಲ್ಲಿಯವರಿಗೆ ಸಂಶಯ ಬಂದಿತಂತೆ. ಬೆನ್ನು ಹತ್ತಿದ ಅಧಿಕಾರಿಗಳಿಗೆ ಹೋಟೆಲಿನ ಕೋಣೆಯಲ್ಲಿ ಹ್ಯಾರಿಸನ ಸುಳಿವು ಸಿಕ್ಕಿತು. ಅವನಿಗೆ ಏಳು ವರ್ಷಗಳ ಸೆರೆಮನೆ ವಿಧಿಸಲಾಯಿತು. ಎರಡು ವರ್ಷಗಳಲ್ಲಿ ಹೊರಬಂದನು. ನೆವಾಡಾದ ಜೂಜುಮನೆಗಳಿಗೆ ಕಾಲಿಡಕೂಡದವರ ಪಟ್ಟಿಯಲ್ಲಿ ಅವನ ಹೆಸರು ಸೇರಿತು.

ಪರೀಕ್ಷಕನ ಕೈಯ ಅಳತೆಗೋಲೇ ಸುಳ್ಳಾದರೆ ಲೋಕದಲ್ಲಿ ಯಾವುದನ್ನು ಯಾವುದರಿಂದ ಅಳೆಯುವುದು? ಮೂವತ್ತು ವರ್ಷ ಪರೀಕ್ಷೆಯ ಕಾಗದಗಳನ್ನು ತಿದ್ದಿದವನಾದ ನನಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಚುಚ್ಚಿತೆಂದು ತೋರುತ್ತದೆ.

ಇದೇ ನೆವಾಡಾದಲ್ಲಿ 1989ರಲ್ಲಿ ಇನ್ನೊಂದು ಬಯಲಾಗಿತ್ತು. ಅಮೆರಿಕನ್ ಕಾಯಿನ್ ಎಂಬ ಸಂಸ್ಥೆಯು ತನ್ನ ಯಂತ್ರಗಳಲ್ಲಿ ಅತಿ ದೊಡ್ಡ ಬಹುಮಾನದ ಜೋಡಣೆಯು ಬಾರದಂತೆಯೇ ಲೇಖ ಬರೆಸಿತ್ತು. ಸಂಸ್ಥೆಯು ಪರವಾನಗಿಯನ್ನು ಕಳೆದುಕೊಂಡಿತು. ಅದನ್ನು ಬರೆದ ತಜ್ಞನು ಸಾಕ್ಷಿ ನುಡಿಯುವ ಮುಂಚೆ, 1990ರಲ್ಲಿ, ಗುಂಡಿಗೆ ಬಲಿಯಾದನು. ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ ಕೊಟ್ಟವರು ಸುಮ್ಮನೆ ಕೊಡಲಿಲ್ಲ.

ಇದೆಲ್ಲ ಸಮುದ್ರದಾಚೆಯ ಮಾತೆಂದು ನಾವು ನಿರುಮ್ಮಳವಾಗಿರಲು ಬಾರದು. ನಮ್ಮ ರಾಜ್ಯದ ನಗರಗಳಲ್ಲಿ ವೀಡಿಯೋ ಆಟದ ಅಂಗಡಿಗಳು ಹರಡಿದಾಗ ಅವುಗಳಿಗೆ ಪರವಾನಗಿ ಬೇಕೆಂಬ ಕಟ್ಟಳೆಯಾಯಿತು. ಅಂಗಡಿಯವರು ಅದನ್ನು ಪ್ರಶ್ನಿಸಿದರು. ಕರ್ನಾಟಕ, ತಮಿಳುನಾಡುಗಳಿಂದ ಹೋದ ಆ ವ್ಯಾಜ್ಯಗಳನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಎಂ. ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯವೆಂಬ ಪ್ರಕರಣದಲ್ಲಿ ತೀರ್ಮಾನಿಸಿತು. ಇದು ಕೌಶಲದ ಆಟ, ಜೂಜಲ್ಲ ಎಂಬುದು ಅಂಗಡಿಯವರ ವಾದ. ಆದರೆ ಯಂತ್ರದ ಒಳಜೋಡಣೆಯನ್ನು ತಿದ್ದಿ, ಕುಶಲನಾದ ಆಟಗಾರನೂ ಗೆಲ್ಲದಂತೆ ಮಾಡಲು ಬರುವುದೆಂಬ ಅಂಶವನ್ನು ನ್ಯಾಯಾಲಯವು ಗಣನೆಗೆ ತೆಗೆದುಕೊಂಡು, ನಿಯಂತ್ರಣವನ್ನು ಎತ್ತಿಹಿಡಿಯಿತು. ಹೆಚ್ಚು ಕಡಿಮೆ ಅದೇ ವರ್ಷದಲ್ಲಿ ನೆವಾಡಾದ ತಜ್ಞನು ಹೊರಗೆಳೆದುದನ್ನೇ ನಮ್ಮ ನ್ಯಾಯಾಲಯವು ತನ್ನ ದಾರಿಯಲ್ಲಿ ಕಂಡಿತು: ಆಟವು ಎಷ್ಟೇ ಸಾಚಾ ಕಂಡರೂ ಒಳಗೆ ಕೈಯಾಡಿಸಬಲ್ಲವನೊಬ್ಬನು ಇದ್ದೇ ಇರುತ್ತಾನೆ. ರಾಜ್ಯದಲ್ಲಿ ಲಾಟರಿಯು 2007ರ ಏಪ್ರಿಲ್ 1ರಿಂದ ನಿಂತಿತು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೂ ಮೊಬೈಲಿನ ಹೊಳಪಿನ ಮುಂದೆ ರಾತ್ರಿ ಕುಳಿತ ಮಕ್ಕಳನ್ನು ತಾಯಂದಿರು ಒಮ್ಮೆ ಎದ್ದು ನೋಡುವುದು ಒಳ್ಳೆಯದು.

ಮತ್ತೆ ಗ್ರಂಥಕ್ಕೆ ಬರುತ್ತೇನೆ. ನಮ್ಮ ನೆರೆಯ ಬಂಕಾಪುರವು ಜೈನಸಾಹಿತ್ಯದಲ್ಲಿ ಅಮರವಾದ ಊರು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಲೋಕಾದಿತ್ಯನಾಳುತ್ತಿದ್ದ ಬಂಕಾಪುರದಲ್ಲಿ ಪೂಜೆ ಸಂದಿತೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಆ ಪುರಾಣದಲ್ಲಿ ಶ್ರೀಭೂತಿಯ ಕಥೆಯಿದೆ. ಸಿಂಹಪುರದ ಅರಸ ಸಿಂಹಸೇನನ ಪುರೋಹಿತ ಶ್ರೀಭೂತಿ. ಅವನು ನುಡಿದುದೆಲ್ಲ ಸತ್ಯವೆಂಬ ನಂಬಿಕೆಯಿಂದ ಜನರು ಅವನನ್ನು ಸತ್ಯಘೋಷನೆಂದೇ ಕರೆಯುತ್ತಿದ್ದರು. ಭದ್ರಮಿತ್ರನೆಂಬ ವಣಿಕನು ತಾನು ಗಳಿಸಿದ ರತ್ನಗಳನ್ನು ಅವನಲ್ಲಿ ನ್ಯಾಸವಾಗಿಟ್ಟನು. ಮರಳಿ ಕೇಳಿದಾಗ ಕೊಟ್ಟೇ ಇಲ್ಲವೆಂದನು. ಸತ್ಯಘೋಷನ ಮಾತಿನೆದುರು ವಣಿಕನ ಮಾತನ್ನು ಯಾರು ನಂಬುವರು? ಹುಚ್ಚನೆಂದು ನಕ್ಕರು. ಅವನು ದಿನವೂ ಅರಮನೆಯ ಬಳಿಯ ಮರವೇರಿ ಕೂಗುತ್ತಿದ್ದನು. ಹುಚ್ಚನು ಪ್ರತಿದಿನ ಒಂದೇ ಮಾತನ್ನು ಒಂದೇ ರೀತಿ ಕೂಗಲಾರನೆಂದು ರಾಣಿ ರಾಮದತ್ತೆಗೆ ಹೊಳೆಯಿತು. ಆಕೆ ಶ್ರೀಭೂತಿಯೊಡನೆ ಪಗಡೆಯಾಡಿ ಅವನ ಯಜ್ಞೋಪವೀತವನ್ನೂ ಉಂಗುರವನ್ನೂ ಗೆದ್ದು, ಅವನ್ನೇ ಗುರುತಾಗಿ ಅವನ ಮನೆಗೆ ಕಳಿಸಿ, ಹೆಂಡತಿಯಿಂದ ರತ್ನಗಳನ್ನು ತರಿಸಿಕೊಂಡಳು. ಅರಸನು ಅವನ್ನು ತನ್ನ ರತ್ನಗಳೊಡನೆ ಬೆರೆಸಿ ಭದ್ರಮಿತ್ರನ ಮುಂದಿಟ್ಟನು. ಆತನು ತನ್ನವನ್ನಷ್ಟೇ ಆರಿಸಿಕೊಂಡು ಉಳಿದವನ್ನು ಮುಟ್ಟಲಿಲ್ಲ. ಶ್ರೀಭೂತಿಯು ಆರ್ತಧ್ಯಾನದಿಂದ ಸತ್ತು, ಅರಸನ ಭಂಡಾರದಲ್ಲಿಯೇ ಅಗಂಧನ ಜಾತಿಯ ಸರ್ಪವಾಗಿ ಹುಟ್ಟಿದನೆಂದು ಪುರಾಣವು ಹೇಳುತ್ತದೆ. (ರಾಣಿಯು ಪಗಡೆಯಾಡಿದ್ದರಿಂದ ದ್ಯೂತಕ್ಕೆ ಒಪ್ಪಿಗೆ ಸಿಕ್ಕಿತೆಂದು ಪಾಠಶಾಲೆಯ ಚೂಟಿ ಹುಡುಗರು ವಾದಿಸುವುದುಂಟು. ಕಥೆಯ ಪಾತ್ರಗಳ ಉಪಾಯವು ಶ್ರಾವಕನ ಆಚಾರವಾಗದು.)

ಈ ಕಥೆಯನ್ನು ನಾವು ಅಸತ್ಯದ ಫಲಕ್ಕೆ ಉದಾಹರಣೆಯಾಗಿ ಹೇಳುತ್ತೇವೆ, ಕಳವಿಗಲ್ಲ. ರತ್ನಕರಂಡಕದಲ್ಲಿಯೂ ಸತ್ಯಘೋಷನ ಹೆಸರು ಅಸತ್ಯಕ್ಕೇ ಸೇರಿದೆ. ನಂಬಿ ಇಟ್ಟುದನ್ನು ನುಂಗುವ ನ್ಯಾಸಾಪಹಾರ, ಸುಳ್ಳು ಬರಹದ ಕೂಟಲೇಖಕ್ರಿಯೆ, ಇವೆರಡನ್ನೂ ಸೂತ್ರಕಾರರು ಅಚೌರ್ಯದಲ್ಲಿರಿಸದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವರು. ಏಕೆಂದು ಆ ರಾತ್ರಿಯವರೆಗೆ ನಾನು ಯೋಚಿಸಿರಲಿಲ್ಲ. ಹೊರಗಿನ ಕಳ್ಳನು ವಸ್ತುವನ್ನು ಮಾತ್ರ ಒಯ್ಯುವನು. ಅವನು ಯಾರಿಗೂ ಮಾತು ಕೊಟ್ಟಿಲ್ಲ. ಕೀಲಿ ಹಿಡಿದವನು ವಸ್ತುವನ್ನು ಒಯ್ಯಬೇಕಾದರೆ ಮೊದಲು ಮಾತನ್ನು ಮುರಿಯಬೇಕು. ಒಂದೇ ಕೃತ್ಯದಲ್ಲಿ ಎರಡು ವ್ರತಗಳು ಬೀಳುತ್ತವೆ.

ನ್ಯಾಸಾಪಹಾರಕ್ಕೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆಯಂತೂ ನನ್ನನ್ನು ಬೆಚ್ಚಿಬೀಳಿಸಿತು. ಒಬ್ಬನು ನ್ಯಾಸವಿಟ್ಟು ಎಷ್ಟಿಟ್ಟೆನೆಂಬುದನ್ನು ಮರೆತು, ಇದ್ದುದಕ್ಕಿಂತ ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು, ಹಾಗೆಯೇ ಎಂದು ಸಮ್ಮತಿಸಿದರೆ ಅದೇ ನ್ಯಾಸಾಪಹಾರ. ಅವನು ಏನನ್ನೂ ತೆಗೆಯಲಿಲ್ಲ, ಕೈ ಹಚ್ಚಲಿಲ್ಲ, ಕಡಿಮೆಯ ಲೆಕ್ಕಕ್ಕೆ ಹೌದು ಎಂದನು, ಅಷ್ಟೆ. ಎಣಿಕೆಯ ಕಾಗದದ ಕೆಳಗೆ ಹುಡುಗನು ಹಾಕಿದ ಸಹಿಯು ಇದಲ್ಲದೆ ಮತ್ತೇನು? ಸಾವಿರದೈನೂರು ವರ್ಷಗಳಷ್ಟು ಹಿಂದೆ ಈ ಕನ್ನಡ ನೆಲದ ಆಚಾರ್ಯರು ಅವನ ಸಹಿಯನ್ನು ನೋಡಿ ಬರೆದಂತಿದೆ.

ಮರುದಿನ ಹುಡುಗನು ಬಂದಾಗ ಮೊದಲು ಅವನ ವಾದಕ್ಕೆ ಉತ್ತರ ಹೇಳಿದೆ. ಜೂಜಿನ ಹಣವು ಪಾಪದ್ದಾದ ಕಾರಣ ಅದನ್ನು ಕದ್ದರೆ ಪಾಪವಿಲ್ಲವೆನ್ನುವುದಾದರೆ, ಕಳ್ಳನು ಕದ್ದು ತಂದುದನ್ನು ತೆಗೆದುಕೊಳ್ಳುವುದರಲ್ಲಿಯೂ ದೋಷವಿರಬಾರದಾಗಿತ್ತು. ಅದರಲ್ಲಿಯ ದೋಷಕ್ಕೆ ತದಾಹೃತಾದಾನವೆಂದು ಹೆಸರನ್ನೇ ಇಟ್ಟಿದ್ದಾರೆ. ಹಿಂದಿನವನ ಕೊಳೆಯು ಮುಂದಿನವನ ಕೈಯನ್ನು ತೊಳೆಯುವುದಿಲ್ಲ. ಅಲ್ಲದೆ ಸ್ತೇಯವನ್ನು ನಿರ್ಣಯಿಸುವುದು ಕಳೆದುಕೊಂಡವನ ಯೋಗ್ಯತೆಯಿಂದಲ್ಲ, ತೆಗೆದುಕೊಂಡವನ ಪ್ರಮಾದದಿಂದ. ಆ ಹಣವನ್ನು ಉದ್ಯಾಪನೆಗೆ ತಂದರೆ, ತದಾಹೃತಾದಾನವು ಅವನ ತಾಯಿಗೂ ಬಸದಿಗೂ ಅಂಟುವುದು.

ಎರಡನೆಯದು ಉಪವಾಸದ ಮಾತು. ಪ್ರಾಯಶ್ಚಿತ್ತವನ್ನು ಕೊಡುವ ಅಧಿಕಾರ ಗುರುಗಳದು, ನನ್ನಂಥ ಗೃಹಸ್ಥನದಲ್ಲ. ಓದಿದ್ದನ್ನು ಹೇಳುವುದಷ್ಟೇ ನನ್ನ ಪಾಲು. ಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಆಲೋಚನೆ, ಪ್ರತಿಕ್ರಮಣ, ಇವೆರಡೂ ಕೂಡಿದ ತದುಭಯ, ಬಳಿಕ ವಿವೇಕ, ವ್ಯುತ್ಸರ್ಗ, ತಪಸ್ಸು ಎಂದು ಮುಂದುವರಿಯುತ್ತದೆ. ಆಲೋಚನೆಯೆಂದರೆ ದೋಷವನ್ನು ಮರೆಮಾಚದೆ ಹೇಳಿಕೊಳ್ಳುವುದು. ವಿವೇಕವೆಂದರೆ ದೋಷದ ವಸ್ತುವನ್ನು ತನ್ನಿಂದ ಬೇರ್ಪಡಿಸುವುದು. ಮುನಿಗಳ ವಿಷಯದಲ್ಲಿ ಬೆರೆತುಹೋದ ಆಹಾರ, ಉಪಕರಣಗಳಿಗೆ ಇದು ಅನ್ವಯಿಸುತ್ತದೆ. ಗೃಹಸ್ಥನಿಗೆ ಇದನ್ನು ಹಣಕ್ಕೆ ಅನ್ವಯಿಸಿಕೊಂಡರೆ ತಪ್ಪಾಗದೆಂದು ನನ್ನ ಅಭಿಪ್ರಾಯ. ಅನಶನವು ತಪಸ್ಸಿಗೆ ಸೇರಿದ್ದು. ಅದರ ಸ್ಥಾನ ಆರನೆಯದು. ಹುಡುಗನು ಐದು ಮೆಟ್ಟಿಲು ಬಿಟ್ಟು ನೇರವಾಗಿ ಅಲ್ಲಿಗೆ ಜಿಗಿಯಬೇಕೆಂದಿದ್ದನು. ಕಿಸೆಯಲ್ಲಿ ಪರರ ಹಣವಿಟ್ಟುಕೊಂಡು ಹೊಟ್ಟೆಯನ್ನು ಖಾಲಿ ಇಟ್ಟರೆ ಅದು ಉಪವಾಸವಾದೀತೇ? ನಾವು ಹಿರಿಯರೂ ವರ್ಷವಿಡೀ ಲೆಕ್ಕದಲ್ಲಿ ಮಾಡಿದ್ದನ್ನು ಪರ್ವದ ಹತ್ತು ದಿನಗಳ ಲಂಘನದಲ್ಲಿ ತೊಳೆಯಬಹುದೆಂದು ನಂಬಿಕೊಂಡಿದ್ದೇವೆ. ಅವನು ನಮ್ಮನ್ನು ನೋಡಿಯೇ ಕಲಿತದ್ದು.

"ಹಂಗಾದ್ರ ಅವ್ವಗ ಹೇಳಬೇಕೇನ್ರಿ?" ಎಂದನು. ಆಲೋಚನೆಯು ಗುರುಗಳ ಮುಂದಾಗಬೇಕು. ಆದರೆ ಉದ್ಯಾಪನೆ ತಾಯಿಯದು, ಆಕೆಗೆ ತಿಳಿಯದೆ ನಡೆಯಲಾಗದು ಎಂದೆ. ಅಂದು ಸಂಜೆ ಅವನೇ ಹೇಳಿದನು. ಅವನ ಕೋರಿಕೆಯ ಮೇರೆಗೆ ನಾನೂ ಹೋಗಿದ್ದೆ.

ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. ಒಳಗೆ ಹೋಗಿ ಹಣದ ಗಂಟನ್ನು ತಂದು ಮಗನ ಮುಂದಿಟ್ಟಳು. "ಎಲ್ಲಿಂದ ತಂದಿ, ಅಲ್ಲಿಗೆ ಮುಟ್ಟಿಸಿ ಬಾ" ಎಂದಳು. 16,000 ಹೋದ ಬಳಿಕ ಉಳಿಯುವ 24,000 ಅವನ ಸಂಬಳದ್ದು, ಕದ್ದದ್ದಲ್ಲ ಎಂದು ನಾನು ತಿಳಿಸಿದೆ. ಅದು ಆಕೆಗೆ ಸಮ್ಮತವಾಗಲಿಲ್ಲ. ಜೂಜಿನ ಮನೆಯ ಸಂಬಳದಿಂದ ಅನಂತನಾಥ ಸ್ವಾಮಿಗೆ ಕಲಶವೇರಿಸಲು ತನ್ನಿಂದಾಗದು, ಅದು ಮಗನ ಹೊಟ್ಟೆಗಿರಲಿ ಎಂದಳು. ಈ ಮಾತಿನಲ್ಲಿ ಆಕೆ ನನಗಿಂತ ಮುಂದಿದ್ದಳು.

ಹುಡುಗನು ಗೋವೆಗೆ ಮರಳಿ, ಬರೆದ ಕಾಗದದೊಡನೆ ಹಣವನ್ನು ಒಪ್ಪಿಸಿದನು. ಆಟಗಾರರು ಕಳೆದುಕೊಂಡದ್ದನ್ನು ಯಾರಿಗೆಂದು ಹಿಂತಿರುಗಿಸುವುದು? ಎಣಿಕೆಯಿಂದ ತಪ್ಪಿದ ಹಣ ಒಡೆಯನ ಎಣಿಕೆಗೇ ಸೇರಬೇಕೆಂದು ನಾವು ನಿಶ್ಚಯಿಸಿದ್ದೆವು. ಹಣ ತೆಗೆದುಕೊಂಡು ಅವನನ್ನು ಕೆಲಸದಿಂದ ಬಿಡಿಸಿದರು. ಜೊತೆಯವನ ಹೆಸರನ್ನು ಅವನು ಹೇಳಲಿಲ್ಲ. ಆ ಮೌನವು ಸ್ತೇನಪ್ರಯೋಗದ ಶೇಷವೋ ಎಂಬ ಪ್ರಶ್ನೆಯನ್ನು ನಾನು ಅವನ ಮುಂದಿಟ್ಟೆ. ಅವನು ತಲೆ ತಗ್ಗಿಸಿದನು, ಉತ್ತರಿಸಲಿಲ್ಲ. ಕೆಲವು ತಿಂಗಳ ನಂತರ ಗುರುಗಳ ಸನ್ನಿಧಿಗೆ ಹೋಗಿ ಎಲ್ಲವನ್ನೂ ಹೇಳಿಕೊಂಡು, ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಪಾಲಿಸಿದನು. ಈಗ ಹುಬ್ಬಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ಗೋವೆಯ ಅರ್ಧದಷ್ಟು.

ಆ ವರ್ಷ ಚತುರ್ದಶಿಯ ಪೂಜೆಯು ಎಂದಿನಂತೆ ನಡೆಯಿತು, ಉದ್ಯಾಪನೆ ನಡೆಯಲಿಲ್ಲ. ಪಾರಣೆಯ ಮರುದಿನ ಆಕೆ ನಮ್ಮ ಮನೆಗೆ ಬಂದು, ಉದ್ಯಾಪನೆಗೆ ಶಕ್ತಿಯಿಲ್ಲದವರಿಗೆ ಶಾಸ್ತ್ರದಲ್ಲಿ ಏನು ದಾರಿಯಿದೆಯೆಂದು ಕೇಳಿದಳು. ಅಂಥವರು ವ್ರತವನ್ನು ದ್ವಿಗುಣವಾಗಿ ಆಚರಿಸಬೇಕೆಂದು ವಿಧಿಯಿದೆ ಎಂದೆ.

"ಅಂದ್ರ, ಇನ್ನೂ ಹದಿನಾಲ್ಕು ವರ್ಷ ಏನ್ರಿ ಮಾಸ್ತರ್ರ?"

"ಹೌದವ್ವಾ."

ಆಕೆಗೆ ಆಗ ಐವತ್ತೆಂಟು. ಬೆರಳು ಮಡಿಚಿ ಎಣಿಸಿದಳು. "ಆಗಲಿ ಬಿಡ್ರಿ" ಎಂದು ಎದ್ದಳು. ಕಳೆದ ಭಾದ್ರಪದದಲ್ಲಿ ಆಕೆಯ ಹದಿನೇಳನೆಯ ಅನಂತ ಚತುರ್ದಶಿ ನಡೆಯಿತು. ಅಭಿಷೇಕದ ಹಾಲನ್ನು ಮಗನು ಹುಬ್ಬಳ್ಳಿಯಿಂದ ನಸುಕಿನ ಬಸ್ಸಿಗೆ ಬಂದು ತಂದುಕೊಟ್ಟನು.